ರಜೆಗೆ ಬಂದ ಕಲಾವಿದರೂ ಒಂದಿಷ್ಟು ಹಾಡು ಕೇಳಲಿ

ಬೇಸಿಗೆ ರಜೆ ಬಂತೆಂದರೆ ಪ್ಯಾರಮಟ್ಟಾ ಸುತ್ತಿನ ಕನ್ನಡ ಮನೆಗಳಿಗೆ ಊರಿನಿಂದ ಹಿರಿಯರ ಆಗಮನವಾಗುತ್ತದೆ. ಅವರಲ್ಲಿ ಹಾಡುವವರೋ ವಾದ್ಯ ನುಡಿಸುವವರೋ ಇದ್ದಾರೆಂದು ತಿಳಿದ ವಾರದೊಳಗೆ ನಾವು ಫೋನು ಮಾಡುತ್ತೇವೆ. ಶಾಲೆಯ ಸಭಾಂಗಣ, ಎರಡು ಗಂಟೆಯ ಕಾರ್ಯಕ್ರಮ, ಕೊನೆಗೆ ಶಾಲು, ಹಾರ, ಸ್ಮರಣಿಕೆ. ಇದನ್ನೇ ಗೌರವವೆಂದು ಬಗೆದಿದ್ದೇವೆ. ಇದು ಅರ್ಧ ಗೌರವ ಮಾತ್ರ ಎಂಬುದನ್ನು ನಮಗೆ ಮನಗಾಣಿಸಿದವರು ಮೈಸೂರಿನ ಒಬ್ಬ ಪಿಟೀಲು ವಿದ್ವಾಂಸರು.

ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅವರು ನಮ್ಮ ಕೋರಿಕೆಗೆ ಒಪ್ಪಿದರು. ಒಂದು ಆಸೆಯನ್ನೂ ಹೇಳಿಕೊಂಡರು. ಮೆಲ್ಬರ್ನಿನ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್ ನೋಡಬೇಕು. "ಸೀಕರ್ಸ್ ಹಾಡಿದ ಜಾಗವಲ್ಲವೇ? ಕಾಲೇಜಿನ ದಿನಗಳಲ್ಲಿ ಅವರ ಹಾಡಿಗಾಗಿ ರೇಡಿಯೋ ಮುಂದೆ ಕಾಯುತ್ತಿದ್ದೆ." ಕೂತಿದ್ದ ನಮ್ಮಲ್ಲಿ ಅರ್ಧ ಜನರಿಗೆ ಆ ಹೆಸರೇ ತಿಳಿದಿರಲಿಲ್ಲ.

ತಿಳಿದಿರಬೇಕಾಗಿತ್ತು. ಅದು 1962ರಲ್ಲಿ ಮೆಲ್ಬರ್ನಿನಲ್ಲಿ ಹುಟ್ಟಿದ ತಂಡ. 1964ರಲ್ಲಿ ಹಡಗಿನ ಪ್ರಯಾಣಿಕರಿಗೆ ಹಾಡುತ್ತ ಇಂಗ್ಲೆಂಡಿಗೆ ಹೋದ ಆ ನಾಲ್ವರು ಕೆಲವೇ ವಾರಗಳಲ್ಲಿ ಮರಳುವ ಎಣಿಕೆಯಲ್ಲಿದ್ದರು. ಮರುವರ್ಷ ಅವರ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1967ರ ಮಾರ್ಚಿನಲ್ಲಿ ಮ್ಯೂಸಿಕ್ ಬೌಲ್‌ನಲ್ಲಿ ಅವರನ್ನು ಕೇಳಲು ನೆರೆದವರು ಸುಮಾರು 2 ಲಕ್ಷ ಮಂದಿ ಎಂದು ಅಂದಾಜು. ತಂಡದ ಕೀತ್ ಪಾಟ್ಜರ್ ಹುಟ್ಟಿದ್ದು ಕೊಲಂಬೊದಲ್ಲಿ. ಬಿಳಿಯರಲ್ಲದವರನ್ನು ದೂರವಿಟ್ಟಿದ್ದ 'ವೈಟ್ ಆಸ್ಟ್ರೇಲಿಯಾ' ನೀತಿ ಆಗಷ್ಟೇ ಸಡಿಲಗೊಳ್ಳುತ್ತಿತ್ತು; ಪೂರ್ತಿ ಕೊನೆಗೊಂಡದ್ದು 1973ರಲ್ಲಿ. ಈ ನೆಲದ ಬಾಗಿಲು ನಮಗೆ ತೆರೆಯುವ ಮೊದಲೇ ಇಲ್ಲಿನ ಹಾಡು ಮೈಸೂರಿನ ಒಂದು ಮನೆಯನ್ನು ಸೇರಿಯಾಗಿತ್ತು.

ಮ್ಯೂಸಿಕ್ ಬೌಲ್‌ನ ಹುಲ್ಲಿನ ಮೇಲೆ ಕುಳಿತು ಅವರು ಮೊಬೈಲಿನಲ್ಲಿ ಆ ಹಾಡುಗಳನ್ನು ಮತ್ತೆ ಕೇಳಿದರು. 2022ರ ಆಗಸ್ಟಿನಲ್ಲಿ ತೀರಿಕೊಂಡ ಗಾಯಕಿ ಜೂಡಿತ್ ಡರ್ಹ್ಯಾಂ ಅವರ ದನಿ ಬಂದಾಗ ಕಣ್ಣು ಮುಚ್ಚಿದರು. ಬಳಿಕ ಹೇಳಿದ್ದು ಇಷ್ಟೇ: "ಸ್ವರ ನೇರ, ಮಾತು ಸ್ಪಷ್ಟ, ವಾದ್ಯ ಹಿತಮಿತ. ನಮ್ಮ ಕಾಳಿಂಗರಾಯರದೂ ಇದೇ ದಾರಿ." ಮೋಹನಕುಮಾರಿ, ಸೋಹನಕುಮಾರಿಯರೊಡನೆ ಕನ್ನಡದ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಊರೂರಿಗೆ ಒಯ್ದ ಪಿ. ಕಾಳಿಂಗರಾಯರನ್ನು ಸೀಕರ್ಸ್ ಪಕ್ಕದಲ್ಲಿಟ್ಟು ನೋಡುವುದು ನಮಗೆ ಎಂದೂ ಹೊಳೆದಿರಲಿಲ್ಲ.

ಕಾರ್ಯಕ್ರಮದ ದಿನ ಅವರು ಕಾಳಿಂಗರಾಯರು ಹಾಡುತ್ತಿದ್ದ ಭಾವಗೀತೆಗಳನ್ನು ನುಡಿಸಿದರು. ಮಕ್ಕಳು ಎಂದಿನಂತೆ ಹಿಂದಿನ ಸಾಲಿನಲ್ಲಿ ಫೋನು ಹಿಡಿದಿದ್ದರು. ಆಮೇಲೆ ಪಿಟೀಲಿನಲ್ಲಿ 'ಐ ಆ್ಯಮ್ ಆಸ್ಟ್ರೇಲಿಯನ್' ಧಾಟಿ ಹೊರಟಿತು. ಸೀಕರ್ಸ್‌ನ ಬ್ರೂಸ್ ವುಡ್ಲಿಯವರು ಡೋಬ್ ನ್ಯೂಟನ್ ಜೊತೆಗೂಡಿ 1987ರಲ್ಲಿ ರಚಿಸಿದ ಹಾಡು. ಮಕ್ಕಳು ತಲೆಯೆತ್ತಿದರು. ಶಾಲೆಯಲ್ಲಿ ಕಲಿತ ಹಾಡು! ಒಬ್ಬೊಬ್ಬರಾಗಿ ದನಿಗೂಡಿಸಿದರು. ಮುಗಿದ ಮೇಲೆ ಒಂದು ಮಗು ವೇದಿಕೆಯ ಬಳಿ ಹೋಗಿ, "ತಾತ, ಮೊದಲು ನುಡಿಸಿದ್ದು ಯಾವ ಹಾಡು?" ಎಂದು ಕೇಳಿತು. ನಮ್ಮ ಎಷ್ಟೋ ಭಾಷಣಗಳಿಂದ ಆಗದ ಕೆಲಸ ಅದು.

ನಮ್ಮ ಆತಂಕವೂ ಇಲ್ಲಿಯೇ ಇದೆ. ತಾತನಿಗೂ ಮೊಮ್ಮಗಳಿಗೂ ಇಬ್ಬರೂ ಬಲ್ಲ ಹಾಡು ಒಂದಾದರೂ ಇಲ್ಲದ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ಮೂರು ತಿಂಗಳು ಒಂದೇ ಸೂರಿನಡಿ ಕಳೆದು, ವಿಮಾನ ನಿಲ್ದಾಣದಲ್ಲಿ ಕಾಲಿಗೆ ನಮಸ್ಕರಿಸಿ ಬೀಳ್ಕೊಡುತ್ತೇವೆ. ಅವರು ಯಾವ ಹಾಡಿಗೆ ಮನಸೋತವರೆಂಬುದು ಅವರೊಡನೆಯೇ ಹೊರಟುಹೋಗುತ್ತದೆ.

ಜನ ಕೇಳುವುದು ಸಿನಿಮಾ ಹಾಡು, ಸಂಘಕ್ಕೆ ಹಣವಿಲ್ಲ, ಸ್ವಯಂಸೇವಕರಿಗೆ ಬಿಡುವಿಲ್ಲ ಎಂಬ ಮಾತುಗಳು ಸುಳ್ಳಲ್ಲ. ಸಿನಿಮಾ ಹಾಡು ಬೇಡವೆಂದು ನಾವೂ ಹೇಳುತ್ತಿಲ್ಲ. ನಾವು ಬೇಡುವುದು ಮೂರೇ. ಬಂದ ಕಲಾವಿದರನ್ನು ಮೊದಲ ಕೆಲವು ವಾರ ಅವರ ಪಾಡಿಗೆ ಬಿಡೋಣ. ನುಡಿಸಿದರೆ ಶಾಲಿನ ಜೊತೆಗೆ ಸಣ್ಣದಾದರೂ ಸಂಭಾವನೆ ಕೊಡೋಣ. ರಜೆಗೆ ಬಂದವರ ವಿದ್ಯೆ ಪುಕ್ಕಟೆಯದಲ್ಲ. ಮೂರನೆಯದು, ವರ್ಷಕ್ಕೊಮ್ಮೆ ಯಾರದಾದರೂ ಮನೆಯ ನಡುಮನೆಯಲ್ಲಿ 'ಕೇಳುವ ಸಂಜೆ' ನಡೆಸೋಣ. ಹಿರಿಯರೊಂದು ಹಾಡು ತರಲಿ, ಮಕ್ಕಳೊಂದು ತರಲಿ, ಎಲ್ಲರೂ ಕೂತು ಕೇಳಲಿ. ಖರ್ಚು ಕಾಫಿ, ಚಕ್ಕುಲಿಯಷ್ಟೇ.

ಮೈಸೂರಿಗೆ ಮರಳಿದ ವಿದ್ವಾಂಸರು ಈಗ ಭಾನುವಾರಗಳಂದು ಆ ಮಗುವಿಗೆ ವಿಡಿಯೋ ಕರೆಯಲ್ಲಿ ಭಾವಗೀತೆ ಹೇಳಿಕೊಡುತ್ತಿದ್ದಾರೆ. ಮುಂದಿನ ಬೇಸಿಗೆಗೆ ನಿಮ್ಮ ಮನೆಗೆ ಬರುವ ಹಿರಿಯರನ್ನು ಏನು ಹಾಡುತ್ತೀರಿ ಎಂದು ಕೇಳುವ ಮೊದಲು, ಏನು ಕೇಳಲು ಇಷ್ಟ ಎಂದು ಒಮ್ಮೆ ಕೇಳಿ ನೋಡಿ.