ಡಬ್ಬಿಯೊಳಗಿನ ರೂಪಾಯಿಗೂ ವಿಮೆ ಉಂಟೇ?

ಮಕ್ಕಳೇ, ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗ ಟ್ರಂಕಿನ ತಳದಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ನಿಮಗೂ ಸಿಕ್ಕಿರಬಹುದು. ಅಲ್ಲಾಡಿಸಿದರೆ ಝಣ್ ಎನ್ನುತ್ತದೆ. ಒಳಗೆ ತೂತಿನ ಕಾಸು, ಚೌಕದ ಐದು ಪೈಸೆ, ಹೂವಿನ ದಳದಂಥ ಅಂಚಿನ ಹತ್ತು ಪೈಸೆ, ಅದೃಷ್ಟವಿದ್ದರೆ ರಾಣಿ ಮುಖದ ಬೆಳ್ಳಿ ರೂಪಾಯಿ. ಏಳನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಇಂಥ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು, "ತಾತ, ಕಾರಿಗೆ ಇನ್ಶೂರೆನ್ಸ್ ಇದೆ, ಇದಕ್ಕೂ ಮಾಡಿಸಬಹುದಾ?" ಎಂದು ಕೇಳಿದಳು. ಮಾಡಿಸಬಹುದು. ಆದರೆ "ಮನೆಗೆ ವಿಮೆ ಇದೆಯಲ್ಲ, ನಾಣ್ಯವೂ ಅದರೊಳಗೇ ಬಂತು" ಎಂದು ನೆಚ್ಚಿಕೊಂಡು ಕೂರುವಂತಿಲ್ಲ.

ಹಾಗೆ ನೆಚ್ಚಿಕೊಂಡವರೊಬ್ಬರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ನಿವೃತ್ತ ಮೇಷ್ಟ್ರು. ನಲವತ್ತು ವರ್ಷ ಸಂತೆ, ಜಾತ್ರೆ, ಗುಜರಿ ಅಂಗಡಿ ಎಂದು ಅಲೆದು ನಾಣ್ಯ ಕೂಡಿಸಿದ್ದರು. ಮಗಳ ಮನೆಗೆ ಹೋಗಿದ್ದಾಗ ಬೀಗ ಒಡೆದು ಕಳ್ಳರು ಟಿ.ವಿ.ಯ ಜೊತೆಗೆ ಆಲ್ಬಂಗಳನ್ನೂ ಹೊತ್ತರು. ಟಿ.ವಿ.ಗೆ ದುಡ್ಡು ಬಂತು. ನಾಣ್ಯಕ್ಕೆ ಒಂದು ಪೈಸೆಯೂ ಬರಲಿಲ್ಲ. ವಿಮೆಯವರು ಪಾಲಿಸಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರಂತೆ. ಪೊಲೀಸರು "ಏನೇನು ಹೋಯಿತು, ಪಟ್ಟಿ ಕೊಡಿ" ಎಂದಾಗ ಮೇಷ್ಟ್ರ ಬಳಿ ಪಟ್ಟಿಯೂ ಇರಲಿಲ್ಲ. ಎಲ್ಲವೂ ಅವರ ತಲೆಯಲ್ಲೇ ಇತ್ತು.

ಆ ಒಂದು ಸಾಲು ಯಾವುದು, ನೋಡೋಣ. 2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿ ಬಂದಿದೆ. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ನಿಯಮಗಳು ಒಂದೇ. ಬೆಂಕಿ, ಸಿಡಿಲು, ಪ್ರವಾಹ, ಭೂಕಂಪ ಎಲ್ಲಕ್ಕೂ ರಕ್ಷಣೆ ಉಂಟು. ಆದರೆ 'ಇವು ಸೇರುವುದಿಲ್ಲ' ಎಂಬ ಪಟ್ಟಿಯಲ್ಲಿ ಗಟ್ಟಿ ಚಿನ್ನ ಬೆಳ್ಳಿ, ಹಸ್ತಪ್ರತಿ, ನೋಟುಗಳ ಜೊತೆಗೆ ನಾಣ್ಯವೂ ಕೂತಿದೆ. ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಸಿದ್ದರೆ ಮಾತ್ರ ಸೇರುತ್ತದೆ. ಇನ್ನೊಂದು ಮಾತು: ಈ ಪಾಲಿಸಿಯಲ್ಲಿ ಕಳವಿಗೆ ದುಡ್ಡು ಸಿಗುವುದು, ಬೆಂಕಿಯೋ ಪ್ರವಾಹವೋ ಬಂದು ಅದರಿಂದಾಗಿ ಏಳು ದಿನದೊಳಗೆ ಕಳವಾದರೆ ಮಾತ್ರ. ಬೀಗ ಒಡೆದು ಮಾಡುವ ಕಳ್ಳತನಕ್ಕೆ ಬೇರೆಯಾಗಿ ರಕ್ಷಣೆ ಕೊಳ್ಳಬೇಕು. ಅದರಲ್ಲೂ ಬಾಗಿಲನ್ನೋ ಕಿಟಕಿಯನ್ನೋ ಮುರಿದ ಗುರುತು ಕೇಳುತ್ತಾರೆ. "ಎಲ್ಲೋ ಇಟ್ಟಿದ್ದೆ, ಕಾಣುತ್ತಿಲ್ಲ" ಎಂದರೆ ನಡೆಯುವುದಿಲ್ಲ.

ಹಾಗಾದರೆ ಕೇಳುವುದು ಹೇಗೆ? ಇದೇ ಪಾಲಿಸಿಗೆ ಒಡವೆ, ಬೆಳ್ಳಿ ಪಾತ್ರೆ, ಪುರಾತನ ವಸ್ತು ಮೊದಲಾದ ಬೆಲೆಬಾಳುವ ಸಾಮಾನುಗಳ ರಕ್ಷಣೆಯನ್ನು ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳಬಹುದು. ಅಲ್ಲಿ 'ನಾಣ್ಯ ಸಂಗ್ರಹ, ಪಟ್ಟಿ ಲಗತ್ತಿಸಿದೆ' ಎಂದು ಬರೆದುಕೊಡುತ್ತೀರಾ ಎಂದು ಕೇಳಬೇಕು. ಹೂಂ ಎಂದರೆ ಬಾಯಿಮಾತು ಸಾಲದು, ಪಾಲಿಸಿಯ ಹಾಳೆಯಲ್ಲೇ ಇರಬೇಕು. ಎಲ್‌.ಐ.ಸಿ. ಏಜೆಂಟರನ್ನು ಕೇಳಿ ಪ್ರಯೋಜನವಿಲ್ಲ, ಅದು ಜೀವಕ್ಕೆ ವಿಮೆ ಮಾಡುವ ಸಂಸ್ಥೆ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಇವು ನಾಲ್ಕು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು. ಖಾಸಗಿಯವೂ ಬೇಕಾದಷ್ಟಿವೆ. ಮೂರು ಕಡೆಯಾದರೂ ಕೇಳಿ. ಒಬ್ಬರು ಆಗುವುದಿಲ್ಲ ಎಂದದ್ದನ್ನು ಇನ್ನೊಬ್ಬರು ಬರೆದುಕೊಡುವುದುಂಟು.

ಇನ್ನು ಬೆಲೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಮೊಬೈಲಿಗೆ ಬರುವ ಜಾಹೀರಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತನ್ನ ಹೆಸರು ಹೇಳಿಕೊಂಡು ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಮೊದಲು ಲೋಹದ ಲೆಕ್ಕ ಹಾಕಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಗುಣಿಸಿ ನೋಡಿ, ಸುಮಾರು 10.69 ಗ್ರಾಂ ಬರುತ್ತದೆ. ಯುದ್ಧ ಬಂದು 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್.

ಲೋಹಕ್ಕಿಂತ ದೊಡ್ಡದು ಇಸವಿ. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಜನ ಗಲಾಟೆ ಮಾಡಿದರು. ಸರ್ಕಾರ ಅದನ್ನು ವಾಪಸು ಪಡೆದು, 1912ರಲ್ಲಿ ಆನೆಯ ಸೊಂಡಿಲನ್ನು ಸರಿಮಾಡಿ ಹೊಸದು ಟಂಕಿಸಿತು. ಎರಡರಲ್ಲೂ ಬೆಳ್ಳಿ ಒಂದೇ, ಆದರೂ ಸಂಗ್ರಾಹಕರು ಹುಡುಕುವುದು ಆ 'ಹಂದಿ ರೂಪಾಯಿ'ಯನ್ನು. ಆದ್ದರಿಂದ ಪಟ್ಟಿಯಲ್ಲಿ 'ಹಳೆಯ ಬೆಳ್ಳಿ ರೂಪಾಯಿ 1' ಎಂದು ಬರೆದರೆ ವಿಮೆಯವರು ಬೆಳ್ಳಿಯ ಬೆಲೆ ಕಟ್ಟಿ ಸುಮ್ಮನಾಗುತ್ತಾರೆ. ಹುಣಿಸೆಹಣ್ಣು ಹಾಕಿ ತಿಕ್ಕಿ ಥಳಥಳಿಸಿದರೆ ಇರುವ ಬೆಲೆಯೂ ಇಳಿಯುತ್ತದೆ. ಅಜ್ಜಿಯರೇ, ದಯವಿಟ್ಟು ಕೇಳಿಸಿಕೊಳ್ಳಿ!

ಕಂತು ಉಳಿಸಲು ಬೆಲೆ ಕಡಿಮೆ ಬರೆಸೋಣ ಎನ್ನುವವರಿಗೊಂದು ಲೆಕ್ಕ. ಸಂಗ್ರಹ ಒಂದು ಲಕ್ಷದ್ದು, ಕಳವಿನ ಪಾಲಿಸಿಯಲ್ಲಿ ಬರೆಸಿದ್ದು ಐವತ್ತು ಸಾವಿರ. ಇಪ್ಪತ್ತು ಸಾವಿರದ ನಾಣ್ಯ ಹೋಯಿತು. ಎಷ್ಟು ಬರುತ್ತದೆ? ಇಪ್ಪತ್ತಲ್ಲ, ಹತ್ತು. ಅರ್ಧಕ್ಕೆ ವಿಮೆ ಮಾಡಿಸಿದ್ದರಿಂದ ನಷ್ಟವನ್ನೂ ಅರ್ಧವೇ ತುಂಬಿಕೊಡುತ್ತಾರೆ. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಈ ನಿಯಮ ಇರುತ್ತದೆ.

ಬ್ಯಾಂಕಿನಲ್ಲಿ ನಾನು ಲಾಕರ್ ರಿಜಿಸ್ಟರ್ ನೋಡಿಕೊಳ್ಳುತ್ತಿದ್ದಾಗ ಬಹಳ ಜನ ಕೇಳುತ್ತಿದ್ದ ಪ್ರಶ್ನೆ, "ಇಲ್ಲಿಟ್ಟ ಮೇಲೆ ಜವಾಬ್ದಾರಿ ನಿಮ್ಮದೇ ತಾನೇ?" ಲಾಕರಿನೊಳಗೆ ಏನಿದೆಯೆಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಅದು ವಿಮೆಯನ್ನೂ ಮಾಡಿಸುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಕೊಡಬೇಕು. ಬಾಡಿಗೆ 2,000 ರೂಪಾಯಿ ಇದ್ದರೆ ಎರಡು ಲಕ್ಷ. ಭೂಕಂಪ, ಪ್ರವಾಹದಂಥವಕ್ಕೆ ಈ ಹೊಣೆ ಇಲ್ಲ. ಆದರೂ ಸಣ್ಣ ಸಂಗ್ರಹವುಳ್ಳವರಿಗೆ ನನ್ನ ಸಲಹೆ ಇದೇ: ಬೆಲೆಬಾಳುವ ಐದಾರನ್ನು, ಒಡವೆ ಇಡುವ ಲಾಕರಿನ ಮೂಲೆಯಲ್ಲೇ ಇಡಿ, ಉಳಿದದ್ದು ಮನೆಯಲ್ಲಿರಲಿ. ವಿಮೆ ಬೇಕೆನಿಸಿದರೆ ಆ ಐದಾರಕ್ಕೆ ಮಾತ್ರ ಮಾಡಿಸಿ. ಲಾಕರಿನಲ್ಲಿಡುತ್ತೇನೆ, ಕಂತು ಕಡಿಮೆ ಮಾಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಎಲ್ಲ ಸೇರಿ ಎಂಟು ಸಾವಿರದ ಡಬ್ಬಿಗೆ ವರ್ಷ ವರ್ಷ ಕಂತು ಕಟ್ಟುವುದು ನನಗಂತೂ ಒಪ್ಪಿಗೆಯಿಲ್ಲ. ಆ ದುಡ್ಡಿಗೆ ಬಾಗಿಲಿಗೊಂದು ಒಳ್ಳೆಯ ಬೀಗ ಹಾಕಿಸಿ.

ಪಟ್ಟಿ ಮಾತ್ರ ಎಲ್ಲರಿಗೂ ಬೇಕು, ಅದಕ್ಕೆ ಕಂತಿಲ್ಲ. ಇದು ಮಕ್ಕಳ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಇಸವಿ, ಲೋಹ, ತೂಕ, ಗುರುತು, ಕೊಂಡಿದ್ದರೆ ಬೆಲೆ ಎಂದು ಬರೆಯಿರಿ. ಎರಡೂ ಬದಿಯ ಫೋಟೋ ತೆಗೆಯಿರಿ. ಒಂದು ಪ್ರತಿ ಅತ್ತೆಯ ಮನೆಯಲ್ಲೋ ದೊಡ್ಡಪ್ಪನ ಮನೆಯಲ್ಲೋ ಇರಲಿ, ಡಬ್ಬಿಯ ಜೊತೆಗೇ ಪಟ್ಟಿಯೂ ಹೋದರೆ ಏನು ಬಂತು? ನನ್ನ ಮೊಮ್ಮಗಳು ಈವರೆಗೆ 63 ನಾಣ್ಯ ಬರೆದಿದ್ದಾಳೆ. 'ಯಾರು ಕೊಟ್ಟದ್ದು' ಎಂದು ಅವಳೇ ಒಂದು ಗೆರೆ ಹೆಚ್ಚಿಗೆ ಎಳೆದುಕೊಂಡಿದ್ದಾಳೆ. ಅದನ್ನು ತುಂಬಿಸಲು ದಿನವೂ ಸಂಜೆ ಅವಳ ಅಜ್ಜಿಯನ್ನು ಕೂರಿಸಿಕೊಳ್ಳುತ್ತಾಳೆ, ಒಂದು ಕಾಸಿಗೆ ಅರ್ಧ ಗಂಟೆ ಹಿಡಿಯುತ್ತಿದೆ.