ಗುಂಡಿನ ವೇಗವೂ ಪ್ರಮಾಣವಿಚಾರವೂ

ಹಾರುವ ಗುಂಡನ್ನು ಕಣ್ಣು ಹಿಂಬಾಲಿಸಲಾರದು. ಆದರೂ ಅದರ ನಡೆಯನ್ನು ಕುರಿತು ಖಚಿತವಾಗಿ ನುಡಿಯುವವರಿಗೆ ಎಂದೂ ಕೊರತೆಯಿರಲಿಲ್ಲ. 18ನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಯೂರೋಪಿನ ಫಿರಂಗಿವಿದ್ಯೆಯ ಪಂಡಿತರಲ್ಲಿ ಹಲವರು ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದೆ, ಗುಂಡು ಪರವಲಯದ ಪಥದಲ್ಲಿ ಸಾಗುವುದೆಂದೇ ಬೋಧಿಸುತ್ತಿದ್ದರು. ಗಣಿತವೇನೋ ಸುಂದರವಾಗಿತ್ತು, ಗುಂಡು ಮಾತ್ರ ಅದಕ್ಕೆ ವಿಧೇಯವಾಗಿರಲಿಲ್ಲ.

ಇದನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಅವನ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ’ 1742ರಲ್ಲಿ ಹೊರಬಂದಿತು. ಅವನ ಉಪಾಯ ಸರಳ: ಮರದ ಹಲಗೆಯನ್ನು ಬಿಗಿದ ಒಂದು ಭಾರವಾದ ಲೋಲಕ. ಗುಂಡು ಅದರಲ್ಲಿ ನಾಟಿದಾಗ ಲೋಲಕ ಹಿಂದಕ್ಕೆ ತೂಗುತ್ತದೆ. ತೂಗಿದ ದೂರವನ್ನೂ ಎರಡರ ತೂಕವನ್ನೂ ತಿಳಿದರೆ ಗುಂಡಿನ ವೇಗ ಲೆಕ್ಕಕ್ಕೆ ಸಿಕ್ಕುತ್ತದೆ. ಮಸ್ಕೆಟ್ಟಿನ ಗುಂಡು ಸೆಕೆಂಡಿಗೆ ಸುಮಾರು 1,700 ಅಡಿ ಧಾವಿಸುವುದನ್ನೂ, ಆ ವೇಗದಲ್ಲಿ ಗಾಳಿಯ ತಡೆ ಗುಂಡಿನ ತೂಕದ ಎಷ್ಟೋ ಪಟ್ಟು ಆಗುವುದನ್ನೂ ಅವನು ಕಂಡನು. 1745ರಲ್ಲಿ ಮಹಾಗಣಿತಜ್ಞ ಆಯ್ಲರನೇ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದು ವ್ಯಾಖ್ಯಾನ ಬರೆದನು. ರಾಬಿನ್ಸ್ ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗೆಂದು ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಲೋಲಕದ ಕೆಲಸವನ್ನು ಇಂದು ಕ್ರೋನೋಗ್ರಾಫು ಮಾಡುತ್ತದೆ. ಸಾಮಾನ್ಯವಾದ ಬಗೆಯಲ್ಲಿ ಎರಡು ಬೆಳಕಿನ ಕಣ್ಣುಗಳಿರುತ್ತವೆ. ಒಂದನ್ನು ದಾಟಿ ಇನ್ನೊಂದನ್ನು ದಾಟಲು ಗುಂಡಿಗೆ ಹಿಡಿದ ಕಾಲವನ್ನು ಅದು ಎಣಿಸುತ್ತದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರ್ಖಾನೆಯ ಹಳೆಯ ರಿವಾಲ್ವರನ್ನೇ ನೋಡೋಣ. ಅದರ ಆರನೆಯ ಮಾದರಿಯನ್ನು ಬ್ರಿಟಿಷ್ ಸೈನ್ಯ 1915ರಲ್ಲಿ ಅಂಗೀಕರಿಸಿತು. ಅದರ .455 ಗುಂಡಿನ ವೇಗ ಸೆಕೆಂಡಿಗೆ ಸುಮಾರು 600 ಅಡಿ, ಎಂದರೆ ಶಬ್ದದ ವೇಗದ ಅರ್ಧಕ್ಕಿಂತ ತುಸು ಹೆಚ್ಚು. ಮೂರಡಿ ಅಂತರವನ್ನು ದಾಟಲು ಅದಕ್ಕೆ ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ ಸಾಕು.

ತೋಟಾಗಳ ಪೆಟ್ಟಿಗೆಯ ಮೇಲೆ ವೇಗ ಅಚ್ಚಾಗಿರುವಾಗ ಮತ್ತೆ ಅಳೆಯುವುದೇಕೆ ಎನ್ನಬಹುದು. ಆ ಸಂಖ್ಯೆ ತಯಾರಕರು ತಮ್ಮ ಪರೀಕ್ಷೆಯ ನಳಿಗೆಯಲ್ಲಿ ಕಂಡದ್ದು. ನಮ್ಮ ಕೈಯಲ್ಲಿರುವ ಆಯುಧದ್ದಲ್ಲ. ರಿವಾಲ್ವರಿನಲ್ಲಿ ತೋಟಾಗಳನ್ನು ಹೊತ್ತು ತಿರುಗುವ ಉರುಳೆಗೂ ನಳಿಗೆಗೂ ನಡುವೆ ಸಣ್ಣ ಬಿರುಕುಂಟು; ಮದ್ದಿನ ಅನಿಲ ಅಲ್ಲಿ ಸೋರುತ್ತದೆ. ಶತಮಾನ ಸವೆದ ಯಂತ್ರದಲ್ಲಿ ಆ ಸೋರಿಕೆ ಎಷ್ಟೆಂಬುದನ್ನು ಯಾವ ಪೆಟ್ಟಿಗೆಯೂ ಹೇಳಲಾರದು. ಹೊಡೆತದಿಂದ ಹೊಡೆತಕ್ಕೆ ವೇಗ ಏರಿಳಿಯುವುದೂ ಉಂಟು; ಸರಾಸರಿಯೊಂದನ್ನೇ ನೋಡುವವನಿಗೆ ಅದು ಕಾಣದು. ತೀರ ದುರ್ಬಲವಾದ ಒಂದು ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡು, ಅರಿಯದೆ ಮುಂದಿನದನ್ನು ಹಾರಿಸಿದರೆ ಆಯುಧವೇ ಸಿಡಿದೀತು.

ಆದರೆ ಅಳತೆಗೂ ಒಂದು ಮೇರೆಯುಂಟು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪೆಟ್ಟಿಗೆಯ ಸಂಖ್ಯೆ ಶಬ್ದಪ್ರಮಾಣ. ಕ್ರೋನೋಗ್ರಾಫು ಕಂಡ ಕಾಲ ಪ್ರತ್ಯಕ್ಷ. ಅದರಿಂದ ಪಡೆದ ವೇಗ ಅನುಮಾನ. ವೇಗ ಮಿತವಾಗಿದೆಯಾದ್ದರಿಂದ ಒಳಗಿನ ಒತ್ತಡವೂ ಮಿತವೆಂದು ಭಾವಿಸುವುದು ಹೇತ್ವಾಭಾಸ. ಅಮೆರಿಕದಲ್ಲಿ ಎಷ್ಟೋ ವೆಬ್ಲಿ ರಿವಾಲ್ವರುಗಳ ಉರುಳೆಯನ್ನು ತರಿದು .45 ಎಸಿಪಿ ಪಿಸ್ತೂಲಿನ ತೋಟಾಗಳಿಗೆ ಹೊಂದಿಸಿದರು. ತೋಟಾ ಒಳಹೊಕ್ಕಿತು, ಆದರೆ ಅದರ ಒತ್ತಡ.455ರದಕ್ಕಿಂತ ಬಹಳ ಹೆಚ್ಚು. ಹೊಂದುವುದೆಲ್ಲ ಸಲ್ಲುವುದಲ್ಲ. ಮುದಿ ಉಕ್ಕಿನ ಸಹನೆಯನ್ನು ವೇಗದ ಸಂಖ್ಯೆ ಹೇಳದು.

ಕೊಲ್ಲುವ ಉಪಕರಣದಲ್ಲಿ ಇಷ್ಟು ಶ್ರದ್ಧೆಯೇಕೆ ಎಂಬ ಪ್ರಶ್ನೆ ಸಹಜ, ಗೌರವಾರ್ಹವೂ ಹೌದು. ಆಯುಧವನ್ನು ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಪಾಯಕಾರಿಯಾದುದರ ವಿಷಯದಲ್ಲಿಯೇ ಊಹೆ ಅತ್ಯಂತ ಅಕ್ಷಮ್ಯ ಎಂಬುದಷ್ಟೇ ನನ್ನ ವಾದ. ನಮ್ಮ ವಿದ್ಯಾರ್ಥಿಗಳು ಅಚ್ಚಾದುದನ್ನೆಲ್ಲ ಆಪ್ತವಾಕ್ಯವೆಂದು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವಂತೆ ಕಲಿಸುವವರು ಅಧ್ಯಾಪಕರಾದ ನಾವೇ. ಈ ಮಾತು ಯಾವುದನ್ನು ಅಳೆದು ಬಂದದ್ದು, ಯಾವುದನ್ನು ಅಳೆಯದೆ ಬಿಟ್ಟದ್ದು ಎಂದು ಕೇಳುವ ಅಭ್ಯಾಸ ವಿಜ್ಞಾನದ ತರಗತಿಗೆಷ್ಟೋ ಸಾಹಿತ್ಯದ ತರಗತಿಗೂ ಅಷ್ಟೇ ಬೇಕು. ರಾಬಿನ್ಸನ ಲೋಲಕ ಪಂಡಿತರ ಮುಖ ನೋಡಿ ತೂಗಲಿಲ್ಲ. ತನಗೆ ತಗುಲಿದ ಗುಂಡಿನ ಬಲಕ್ಕೆ ತಕ್ಕಷ್ಟೇ ತೂಗಿತು.