ಉದ್ಯಮಶೀಲತೆ ಬರಿಯ ಪತ್ರಿಕೆಯಲ್ಲ

ಪದವಿಯ ಪಠ್ಯಕ್ರಮದಲ್ಲಿ ಉದ್ಯಮಶೀಲತೆಯ ಕಡ್ಡಾಯ ಪತ್ರಿಕೆಯೊಂದನ್ನು ಸೇರಿಸಿದೊಡನೆ ಗ್ರಾಮೀಣ ಪದವೀಧರರ ನಿರುದ್ಯೋಗವು ನೀಗುವುದೆಂದೂ, ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಪ್ರಾಂತದ ಕುಟುಂಬಗಳಲ್ಲಿ ಉದ್ಯಮಬುದ್ಧಿಯೇ ಇಲ್ಲದಿರುವುದರಿಂದ ಅದನ್ನು ಕಾಲೇಜೇ ಬಿತ್ತತಕ್ಕುದೆಂದೂ ಪ್ರತಿಪಾದಿಸಿದ ಲೇಖನವನ್ನೋದಿ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ಉದ್ಯಮಬುದ್ಧಿಯಿಲ್ಲವೆಂಬ ಮಾತು ಅಸತ್ಯ. 1895ರಲ್ಲಿ ಪೆರಿಯಾರ್ ಅಣೆಕಟ್ಟಿನಿಂದ ಪೂರ್ವಾಭಿಮುಖವಾಗಿ ತಿರುಗಿದ ನೀರನ್ನು ನಂಬಿ ಕಂಬಂ ಕಣಿವೆಯಲ್ಲಿ ಪನ್ನೀರ್ ದ್ರಾಕ್ಷಿಯನ್ನು ಬೆಳೆಸಿ, 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆವಂತೆ ಮಾಡಿದವರೂ, ಬೆಟ್ಟದ ಮೇಲಣ ಏಲಕ್ಕಿಗೆ ಬೋಡಿನಾಯಕನೂರನ್ನು ಹರಾಜಿನ ಕೇಂದ್ರವನ್ನಾಗಿಸಿದವರೂ ಯಾವ ಪತ್ರಿಕೆಯನ್ನು ಬರೆದು ಉತ್ತೀರ್ಣರಾದವರು? ಮನೆಯೊಳಗೆ ಇಂದಿಗೂ ಕನ್ನಡವನ್ನಾಡುವ ಕಪ್ಪಿಲಿಯ ಸಮುದಾಯದವರು ಬೇಸಾಯ ಹೂಡಿ ನೆಲೆನಿಂತುದೂ ಇದೇ ಸೀಮೆಯಲ್ಲಿ.

ದೋಷವಿರುವುದು ಬುದ್ಧಿಯಲ್ಲಲ್ಲ, ವಿದ್ಯೆಗೂ ವೃತ್ತಿಗೂ ನಡುವೆ ನಾವು ಕಟ್ಟಿದ ಗೋಡೆಯಲ್ಲಿ. ಕೈಯಿಂದಲೇ ರೂಪುಗೊಳ್ಳುವ ದಿಂಡಿಗಲ್ಲಿನ ಬೀಗವು 2019ರಲ್ಲಿ ಅದೇ ಮನ್ನಣೆಯನ್ನು ಪಡೆದರೂ, ಯಂತ್ರದಿಂದಾದ ಅಗ್ಗದ ಬೀಗಗಳೆದುರು ಸೊರಗುತ್ತಿರುವಾಗ, ಅದರ ವೆಚ್ಚ, ವಿನ್ಯಾಸ, ಮಾರುಕಟ್ಟೆಗಳ ಲೆಕ್ಕವನ್ನು ಕಮ್ಮಾರನ ಪಕ್ಕದಲ್ಲಿ ಕುಳಿತು ಮಾಡದ ವಾಣಿಜ್ಯಪದವೀಧರನಿಗೆ ಪ್ರಮಾಣಪತ್ರವು ಯಾವ ಉದ್ಯೋಗವನ್ನು ಕೊಟ್ಟೀತು?

ಈ ಗೋಡೆಯನ್ನು ಕೆಡವುವ ಮಾದರಿಯನ್ನರಸಿ ದೂರ ಹೋಗಬೇಕಾಗಿಯೂ ಇಲ್ಲ. 1947ರಲ್ಲಿ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು ಸ್ಥಾಪಿಸಿದ ಗಾಂಧಿಗ್ರಾಮವೂ, ಅಲ್ಲಿ 1956ರಲ್ಲಿ ಆರಂಭವಾಗಿ ಇಂದು ವಿಶ್ವವಿದ್ಯಾನಿಲಯವೆನಿಸಿರುವ ಗ್ರಾಮೀಣ ಸಂಸ್ಥೆಯೂ, ಹಳ್ಳಿಯ ಬದುಕನ್ನೇ ವಿದ್ಯಾಭ್ಯಾಸದ ಕ್ಷೇತ್ರವೆಂದು ಭಾವಿಸಿದವು. ಗಾಂಧಿಗ್ರಾಮವು ದಿಂಡಿಗಲ್ ಜಿಲ್ಲೆಯಲ್ಲಿಯೇ ಇದ್ದೂ ಲೇಖಕರ ಗಣನೆಗೆ ಬಾರದುದು ಖೇದಕರ.

ಪತ್ರಿಕೆಯೊಂದನ್ನು ಹೆಚ್ಚಿಸುವ ಮೊದಲು, ಒಂದು ಅರ್ಧವರ್ಷವಾದರೂ ವಿದ್ಯಾರ್ಥಿಗಳನ್ನು ತೋಟಕ್ಕೂ ಹರಾಜಿಗೂ ಕುಲುಮೆಗೂ ಕಳುಹಿಸಿ, ಅಲ್ಲಿಯ ದುಡಿಮೆಗೆ ಅಂಕ ಕೊಡಿರೆಂದು ವಿಶ್ವವಿದ್ಯಾನಿಲಯಗಳನ್ನು ಪ್ರಾರ್ಥಿಸುತ್ತೇನೆ.